ಉಪ್ಪುನೀರು ಕುಡಿದ ಹಳೇ ಮೋಟಾರ್ ಬೋಟ್ ಕೊಡಗಿಗೆ ತರಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಬಂತೆಂದರೆ ನನಗೆ ಈ ಫೋನ್‌ಗಳು ಶುರು. ಕಾಫಿ ಕುಯ್ಲು ಮುಗಿದಿರುತ್ತದೆ. ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುತ್ತದೆ. ಯಾರೋ ಮಲ್ಪೆಯಲ್ಲೋ ಗೋವಾದಲ್ಲೋ ತೆಂಗಿನ ಮರದ ಕೆಳಗೆ ಬಿದ್ದಿರುವ ಒಂದು ಸ್ಪೀಡ್ ಬೋಟ್ ನೋಡಿರುತ್ತಾರೆ. "ಅಣ್ಣ, ಫೋಟೋ ಹಾಕಿದ್ದೀನಿ, ತಗೊಳ್ಬಹುದಾ ಹೇಳಿ" ಅಂತಾರೆ. ಒಬ್ಬರಿಗೆ ಹೋಂಸ್ಟೇ ಕೆರೆಗೆ ಬೇಕು, ಇನ್ನೊಬ್ಬರಿಗೆ ಸುಮ್ನೆ ಮಕ್ಕಳ ಆಸೆಗೆ.

ನನ್ನ ಕಸುಬು ಕುಶಾಲನಗರದ ಕಡೆ ಪಂಪ್‌ಸೆಟ್, ಸ್ಪ್ರೇಯರ್ ರಿಪೇರಿ. ದೋಣಿಯ ಹಿಂದೆ ಹೊರಗಡೆ ತೂಗುಹಾಕುವ ಔಟ್‌ಬೋರ್ಡ್ ಮೋಟಾರ್‌ಗಳೂ ಹತ್ತು ಹನ್ನೆರಡು ವರ್ಷದಿಂದ ಕೈಗೆ ಬರುತ್ತಿವೆ. ಫೋಟೋ ನೋಡಿ ದೋಣಿಯ ಬಗ್ಗೆ ಹೇಳುವುದು, ಮದುವೆ ಆಲ್ಬಂ ನೋಡಿ ಸಂಸಾರದ ಬಗ್ಗೆ ಹೇಳಿದ ಹಾಗೆ. ಆದರೂ ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಇಲ್ಲಿ ಎಲ್ಲಾ ಸಿಹಿನೀರು ತಾನೇ? ಘಟ್ಟ ಹತ್ತಿಸಿದ ಮೇಲೆ ಉಪ್ಪಿನ ಚಿಂತೆ ಯಾಕೆ?

ಯಾಕೆಂದರೆ ದೋಣಿಯ ಜೊತೆ ಉಪ್ಪೂ ಘಟ್ಟ ಹತ್ತುತ್ತದೆ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಔಟ್‌ಬೋರ್ಡ್ ಎಂಜಿನ್ ತಣ್ಣಗಾಗುವುದು ಅದೇ ನೀರನ್ನು ಹೀರಿಕೊಂಡು. ದೋಣಿ ದಡಕ್ಕೆ ಬಂದ ಮೇಲೆ ಸಿಹಿನೀರು ಹಾಯಿಸಿ ತೊಳೆಯದಿದ್ದರೆ ನೀರು ಆರಿಹೋಗುತ್ತದೆ, ಉಪ್ಪು ಒಳಗೇ ಕೂರುತ್ತದೆ. ಎಂಜಿನ್ ಒಳಗಿನ ನೀರಿನ ದಾರಿಯಲ್ಲಿ, ಬೋಲ್ಟಿನ ಮರೆಯಲ್ಲಿ, ವೈರಿನ ತುದಿಯಲ್ಲಿ.

ಹಾಗೆ ಕೂತ ಉಪ್ಪು ಸತ್ತಿರುವುದಿಲ್ಲ. ಗಾಳಿಯ ತೇವವನ್ನು ಅದು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬ ನೀರು ಬಿಡುವುದಿಲ್ಲವಾ, ಅದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆ ಮೇಲೆ ಕಟ್ಟಿದ ಬಟ್ಟೆಯೇ ಒಣಗದ ಊರು ನಮ್ಮದು. ಒದ್ದೆ ಉಪ್ಪು ಕರೆಂಟ್ ಹರಿಸುತ್ತದೆ. ಎಂಜಿನ್ನಿನ ಅಲ್ಯೂಮಿನಿಯಂ ಬ್ಲಾಕ್‌ಗೆ ಸ್ಟೀಲ್ ಬೋಲ್ಟ್ ತಾಗಿದ ಕಡೆ ಪುಟ್ಟ ಬ್ಯಾಟರಿ ತಯಾರಾಗುತ್ತದೆ, ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ದೋಣಿ ನೀರಿಗೇ ಇಳಿಯದೆ ನಿಮ್ಮ ಶೆಡ್ಡಿನಲ್ಲಿ ನಿಂತಿದ್ದರೂ ಈ ಕೆಲಸ ನಡೆದೇ ಇರುತ್ತದೆ.

ಹೋದ ತಕ್ಷಣ ಮೊದಲು ಏನು ನೋಡಬೇಕು? ಎಂಜಿನ್ನಾ, ಬಾಡಿನಾ?

ಎರಡೂ ಅಲ್ಲ. ಎರಡನ್ನೂ ಹಿಡಿದಿರುವ ಹಿಂದಿನ ಹಲಗೆ ನೋಡಿ. ಅದಕ್ಕೆ ಟ್ರಾನ್ಸಮ್ ಅನ್ನುತ್ತಾರೆ. ಎಂಜಿನ್ ತೂಗುಬಿದ್ದಿರುವುದು ಅದರ ಮೇಲೆ. ಹೊರಗೆ ಫೈಬರ್ ಕಂಡರೂ ಹಳೇ ದೋಣಿಗಳಲ್ಲಿ ಒಳಗಿರುವುದು ಬಹುಪಾಲು ಪ್ಲೈವುಡ್. ಎಂಜಿನ್ ಬೋಲ್ಟಿನ ತೂತಿನಿಂದ ನೀರು ಇಳಿದರೆ ಪ್ಲೈವುಡ್ ಕೊಳೆಯುತ್ತದೆ, ಮೇಲಿನ ಫೈಬರ್ ಮಾತ್ರ ಪಳಪಳ ಅನ್ನುತ್ತಿರುತ್ತದೆ.

ಅರೇಬಿಕಾ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಳಿ ಕಾಂಡಕೊರಕ ಹೊಕ್ಕ ಗಿಡವೂ ಶುರುವಿನಲ್ಲಿ ಹಸಿರಾಗೇ ಇರುತ್ತದೆ. ಒಳಗೆ ಹುಳ ಸುರಂಗ ತೋಡಿರುತ್ತದೆ. ಕಾಂಡ ಮುಟ್ಟಿ ನೋಡಿದವನಿಗೇ ಗೊತ್ತಾಗುವುದು.

ಒಂದು ಪ್ಲಾಸ್ಟಿಕ್ ಸುತ್ತಿಗೆ ತಗೊಂಡು ಹೋಗಿ. ಇಲ್ಲದಿದ್ದರೆ ಸ್ಕ್ರೂಡ್ರೈವರ್ ಹಿಡಿಯಾದರೂ ಸಾಕು. ಮೇಲಿಂದ ಕೆಳಕ್ಕೆ ಅಂಗೈಯಗಲಕ್ಕೆ ಒಂದರಂತೆ ತಟ್ಟುತ್ತಾ ಬನ್ನಿ. ಗಟ್ಟಿ ಜಾಗ ಟಣ್ ಅನ್ನುತ್ತದೆ. ಕೊಳೆತ ಜಾಗ ಬಲಿತ ಹಲಸಿನ ಹಣ್ಣು ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಆ ವ್ಯತ್ಯಾಸ ಒಮ್ಮೆ ಕಿವಿಗೆ ಬಿತ್ತೆಂದರೆ ಆಮೇಲೆ ಮರೆಯಲ್ಲ. ಎಂಜಿನ್ ಬೋಲ್ಟಿನ ಸುತ್ತ ಮತ್ತು ಕೆಳಗಿನ ಡ್ರೈನ್ ತೂತಿನ ಸುತ್ತ ಜಾಸ್ತಿ ತಟ್ಟಿ.

ಇನ್ನೊಂದು ಪರೀಕ್ಷೆ. ಎಂಜಿನ್ನಿನ ಕೆಳತುದಿ ಹಿಡಿದು ಮೇಲೆ ಕೆಳಗೆ ಜಗ್ಗಿ. ಆಗ ಜೊತೆಗೆ ಬಂದವರು ಟ್ರಾನ್ಸಮ್ ಮತ್ತು ಬಾಡಿ ಸೇರುವ ಮೂಲೆಯನ್ನೇ ನೋಡುತ್ತಿರಲಿ. ಎಂಜಿನ್ ಜೊತೆ ಹಲಗೆಯೂ ಉಸಿರಾಡಿದರೆ ಮುಗೀತು. ಮೂಲೆಯಲ್ಲಿ ಕೂದಲಿನಂಥ ಬಿರುಕಿದ್ದರೂ ಅದೇ ಅರ್ಥ.

ಮಾರುವವರು ಒಪ್ಪಿದರೆ ಒಳಬದಿಯಲ್ಲಿ, ಕೆಳಗಡೆ, ಸಣ್ಣ ಡ್ರಿಲ್ಲಿನಿಂದ ಒಂದು ತೂತು ಹಾಕಿ. ಒಣಗಿದ, ತಿಳಿ ಬಣ್ಣದ ಹೊಟ್ಟು ಬಂದರೆ ಸಂತೋಷ. ಕಂದು ಬಣ್ಣದ ಒದ್ದೆ ಹಿಟ್ಟು ಬಂದರೆ ಆ ತೂತು ಮುಚ್ಚಿಕೊಟ್ಟು ಟೀ ಕುಡಿದು ವಾಪಸ್ ಬನ್ನಿ. ತೂತು ಹಾಕಲು ಬಿಡಲ್ಲ ಅನ್ನುವ ಮಾಲೀಕರ ಮೇಲೆ ನನಗೆ ಸಿಟ್ಟಿಲ್ಲ. ಅನುಮಾನ ಇದೆ ಅಷ್ಟೆ.

ಒಂದು ವಿಚಿತ್ರ ಹೇಳಿಬಿಡುತ್ತೇನೆ. ಮರವನ್ನು ಕೊಳೆಸುವುದು ಹೆಚ್ಚಾಗಿ ಉಪ್ಪುನೀರಲ್ಲ, ಮಳೆನೀರು. ಉಪ್ಪಿಗೆ ಕೊಳೆಯುವ ಬೂಷ್ಟು ಅಷ್ಟು ಬೇಗ ಹತ್ತಲ್ಲ. ಕರಾವಳಿಯಲ್ಲಿ ಬಯಲಿಗೆ ಬಿಟ್ಟ ದೋಣಿಗೆ ಎರಡೂ ಕಡೆಯಿಂದ ಏಟು: ಕಬ್ಬಿಣ, ಅಲ್ಯೂಮಿನಿಯಮನ್ನು ಉಪ್ಪು ತಿನ್ನುತ್ತದೆ, ಮರವನ್ನು ಮಳೆ ತಿನ್ನುತ್ತದೆ.

ಒಳಗೆ ನಡೆದಾಗ ನೆಲ ಸ್ವಲ್ಪ ಮೆತ್ತಗಿದೆ. ಹೊಸ ಪ್ಲೈ ಹಾಕಿಸಿದರೆ ಆಯ್ತಲ್ವಾ?

ನೆಲದ ಪ್ಲೈ ಮಾತ್ರ ಹೋಗಿದ್ದರೆ ಆಯ್ತು. ನಮ್ಮ ಊರಿನ ಒಳ್ಳೇ ಆಚಾರಿಯೇ ಮಾಡಿಕೊಡುತ್ತಾನೆ. ಆದರೆ ನೆಲದ ಕೆಳಗೆ ಉದ್ದಕ್ಕೆ ತೊಲೆಗಳಿರುತ್ತವೆ. ಮನೆಯ ಜಂತಿ ಇದ್ದ ಹಾಗೆ. ಮೇಲಿನ ಹಲಗೆ ಮೆತ್ತಗಾಗಿದ್ದರೆ ಕೆಳಗಿನ ತೊಲೆ ಒಣಗಿರುವ ಸಾಧ್ಯತೆ ಕಡಿಮೆ. ಅದನ್ನು ಬದಲಿಸಬೇಕೆಂದರೆ ಇಡೀ ನೆಲ ಕಿತ್ತು, ಕೊಳೆತದ್ದು ತೆಗೆದು, ಮತ್ತೆ ಫೈಬರ್ ಮ್ಯಾಟ್, ರೆಸಿನ್ ಹೊದಿಸಬೇಕು. ಅದು ಕೆಲಸ ಅಲ್ಲ, ವನವಾಸ.

ನೆಲದ ಕೆಳಗೆ ಫೋಮ್ ತುಂಬಿರುವ ದೋಣಿಗಳೂ ಇವೆ, ಮುಳುಗದಿರಲಿ ಅಂತ. ಹಳೇ ಫೋಮ್ ಸ್ಪಂಜಿನ ಹಾಗೆ ನೀರು ಕುಡಿದು ಕೂತಿರುತ್ತದೆ. ಕಣ್ಣಿಗೆ ಕಾಣಲ್ಲ. ಇದಕ್ಕೆ ನಾನು ಮಾಡುವ ಉಪಾಯ ವೇ ಬ್ರಿಡ್ಜ್. ಲಾರಿಯನ್ನು ಖಾಲಿ ತೂಗಿಸಿ, ದೋಣಿ ಹೇರಿ ಮತ್ತೆ ತೂಗಿಸಿ. ಕಂಪನಿ ದೋಣಿಯಾದರೆ ಅದರ ತೂಕ ಹುಡುಕಿದರೆ ಸಿಗುತ್ತದೆ. ನೂರಿನ್ನೂರು ಕೆಜಿ ಜಾಸ್ತಿ ಬಂದರೆ ಅಷ್ಟು ನೀರಿಗೆ ನೀವು ದುಡ್ಡು ಕೊಡುತ್ತಿದ್ದೀರಿ ಅಂತಲೇ ಲೆಕ್ಕ. ಲೋಕಲ್ ಯಾರ್ಡಿನಲ್ಲಿ ಕಟ್ಟಿದ ದೋಣಿಗೆ ಈ ಲೆಕ್ಕ ಸಿಗುವುದಿಲ್ಲ. ಅಲ್ಲಿ ಕೆಳಗೆ ಒಂದು ತೂತು ಹಾಕಿ ನೀರು ಸೋರುತ್ತಾ ನೋಡಬೇಕು.

ಕೆಳಭಾಗದಲ್ಲಿ ಬೊಬ್ಬೆ ಎದ್ದಿವೆ. ಭಯ ಪಡಬೇಕಾ?

ಒಂದು ಕೈ ಬೆರಳಲ್ಲಿ ಎಣಿಸುವಷ್ಟಿದ್ದರೆ ಬೇಡ. ಫೈಬರ್ ದೋಣಿ ವರ್ಷಗಟ್ಟಲೆ ನೀರಲ್ಲೇ ನಿಂತಿದ್ದರೆ ಮೇಲ್ಪದರದ ಹಿಂದೆ ನೀರು ಸೇರಿ ಬೊಬ್ಬೆ ಏಳುತ್ತದೆ. ಒಡೆದರೆ ವಿನಿಗರ್ ಥರ ಹುಳಿ ವಾಸನೆಯ ನೀರು ಬರುತ್ತದೆ. ಒತ್ತಡಕ್ಕೆ ಚಿಮ್ಮುತ್ತದೆ, ಕನ್ನಡಕ ಹಾಕಿಕೊಂಡು ಒಡೆಯಿರಿ. ಕೆರೆದು, ಒಣಗಿಸಿ, ಎಪಾಕ್ಸಿ ತುಂಬಿದರೆ ಸರಿಹೋಗುತ್ತದೆ. ಒಣಗಿಸುವುದು ಮಾತ್ರ ಬೇಸಿಗೆಯಲ್ಲೇ. ಜುಲೈಯಲ್ಲಿ ಮಡಿಕೇರಿಯಲ್ಲಿ ಫೈಬರ್ ಒಣಗಿಸುತ್ತೇನೆ ಅನ್ನುವವರಿಗೆ ಶುಭವಾಗಲಿ. ಸಿಡುಬಿನ ಹಾಗೆ ಮೈಯೆಲ್ಲಾ ಎದ್ದಿದ್ದರೆ ಬಿಟ್ಟುಬಿಡಿ.

ನಕ್ಷತ್ರದ ಆಕಾರದ ಬಿರುಕು ಕಂಡರೆ ಅಲ್ಲಿ ಏನೋ ಬಡಿದಿದೆ ಎಂದರ್ಥ. ಅದರ ಹಿಂದೆ, ಒಳಗಡೆಯಿಂದ ಕೈಯಾಡಿಸಿ ನೋಡಿ.

"ನೋಡಿ ಸಾರ್, ಒಂದೇ ಎಳೆತಕ್ಕೆ ಸ್ಟಾರ್ಟ್" ಅಂತ ತೋರಿಸಿದರು. ಅಷ್ಟು ಸಾಕಲ್ವಾ?

ನನಗೂ ಸಾಕು ಅನ್ನಿಸಿತ್ತು. ಆ ಕಥೆ ಕೇಳಿ.

ಕೆಲವು ವರ್ಷದ ಹಿಂದೆ ಕರಾವಳಿಯ ಒಂದು ವಾಟರ್ ಸ್ಪೋರ್ಟ್ಸ್‌ನವರಿಂದ 16 ಅಡಿ ದೋಣಿ, 40 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್ ಸಮೇತ ತಗೊಂಡೆ. ನಾನು ತಲುಪುವಷ್ಟರಲ್ಲಿ ಡ್ರಮ್ಮಿನಲ್ಲಿ ನೀರು ತುಂಬಿ ಎಂಜಿನ್ ಇಳಿಸಿ ರೆಡಿ ಇಟ್ಟಿದ್ದರು. ಎರಡನೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಎಂಜಿನ್ ತಣ್ಣಗಾಗಿಸುವ ನೀರು ಓಡುತ್ತಿದೆ ಅಂತ ತೋರಿಸುವ ಹಿಂದಿನ ಸಣ್ಣ ತೂತಿನಿಂದ ನೀರು ಬರುತ್ತಿತ್ತು. ಸ್ವಲ್ಪ ಸಣ್ಣಗೆ ಬರುತ್ತಿತ್ತು, ಆದರೆ ಬರುತ್ತಿತ್ತಲ್ಲ! ಖುಷಿಯಲ್ಲಿ ದುಡ್ಡು ಎಣಿಸಿಕೊಟ್ಟೆ.

ಮನೆಗೆ ತಂದು ಮೂರನೇ ದಿನ ತಣ್ಣಗಿದ್ದ ಎಂಜಿನ್ ಎಳೆದೆ. ಮೂವತ್ತು ಸಲ ಎಳೆದರೂ ಮಾತಿಲ್ಲ. ಅಂದರೆ ಅವತ್ತು ನಾನು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರು. ಕವರ್ ಮೇಲೆ ಒಮ್ಮೆ ಕೈ ಇಟ್ಟಿದ್ದರೆ ಗೊತ್ತಾಗುತ್ತಿತ್ತು. ಪಂಪ್‌ಸೆಟ್ ರಿಪೇರಿ ಮಾಡುವವನಿಗೆ ಇಷ್ಟೂ ಹೊಳೆಯಲಿಲ್ಲ ಅಂತ ನನ್ನ ಹೆಂಡತಿ ಈಗಲೂ ನಗುತ್ತಾಳೆ.

ನೀರು ಸಣ್ಣಗೆ ಬರುವುದಕ್ಕೆ ಕಾರಣ ನೋಡೋಣ ಅಂತ ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ನೀರಿನ ದಾರಿ ತೆರೆಯುವ ವಾಲ್ವ್, ಅದರ ಮುಚ್ಚಳ ಬಿಚ್ಚಲು ಹೋದೆ. ಮೊದಲ ಎರಡು ಬೋಲ್ಟ್ ಬಂದವು. ಮೂರನೆಯದಕ್ಕೆ ಸ್ಪ್ಯಾನರ್ ಹಾಕಿದೆ. ಮೊದಲು ಗಟ್ಟಿ. ಆಮೇಲೆ ಬೆಣ್ಣೆ ತಿರುಗಿಸಿದ ಹಾಗೆ ಮೆತ್ತಗೆ ತಿರುಗಿತು. ಈ ಕೆಲಸ ಮಾಡಿದವರಿಗೆ ಆ ಮೆತ್ತನೆ ಗೊತ್ತು. ಹೊಟ್ಟೆಯಲ್ಲಿ ಏನೋ ಕಲೆಸಿದಂತಾಗುತ್ತದೆ. ಬೋಲ್ಟಿನ ತಲೆ ಸ್ಪ್ಯಾನರ್ ಒಳಗೇ ಬಂತು, ಮೈ ಬ್ಲಾಕಿನೊಳಗೇ ಉಳಿಯಿತು. ಮೂರು ದಿನ ಎಣ್ಣೆ ಬಿಟ್ಟು, ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ನಾಲ್ಕನೆಯದಕ್ಕೆ ಕೈ ಹಾಕಿದೆ. ಅದೂ ಅದೇ ಹಾದಿ ಹಿಡಿಯಿತು. ಕೊನೆಗೆ ಮುಚ್ಚಳ ಎಬ್ಬಿಸಿದರೆ ನೀರಿನ ದಾರಿಯಲ್ಲಿ ಬೂದು ಬಣ್ಣದ ಗಾರೆ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುತ್ತಲ್ಲ, ಅಂಥದ್ದು. ಉಗುರಿಗೆ ಬರಲ್ಲ, ಉಳಿಯಿಂದ ಒಡೆಯಬೇಕು.

ಹಾಗಾಗಿ ಈಗ ನಾನು ಫೋನಿನಲ್ಲೇ ಹೇಳಿಬಿಡುತ್ತೇನೆ: "ನಾನು ಬರುವವರೆಗೆ ಎಂಜಿನ್ ಮುಟ್ಟಬೇಡಿ." ಹೋದ ತಕ್ಷಣ ಕೈ ಇಟ್ಟು ನೋಡುತ್ತೇನೆ. ಬೆಚ್ಚಗಿದ್ದರೆ ಎರಡು ಗಂಟೆ ಎಲ್ಲಾದರೂ ಮೀನೂಟ ಮಾಡಿಕೊಂಡು ವಾಪಸ್ ಬರುತ್ತೇನೆ.

ಹಾಗಾದರೆ ಎಂಜಿನ್ ಹೇಗೆ ಪರೀಕ್ಷೆ ಮಾಡೋದು?

ಮೊದಲು ಕವರ್ ತೆಗೆದು ಸುಮ್ನೆ ಐದು ನಿಮಿಷ ನೋಡಿ. ಪೇಂಟ್ ಉಬ್ಬಿ ಕೆಳಗೆ ಬಿಳಿ ಪುಡಿ ಇದೆಯಾ? ಅದು ಅಲ್ಯೂಮಿನಿಯಂ ತಿಂದುಹೋಗುತ್ತಿರುವ ಗುರುತು. ಬೋಲ್ಟಿನ ತಲೆಗಳು ಆರು ಮೂಲೆ ಉಳಿಸಿಕೊಂಡಿವೆಯಾ, ಗುಂಡಗಾಗಿವೆಯಾ? ಎಲ್ಲದರ ಮೇಲೂ ಹೊಸ ಸ್ಪ್ರೇ ಪೇಂಟ್ ಇದ್ದರೆ, ರಬ್ಬರ್ ಪೈಪಿಗೂ ವೈರಿಗೂ ಅದೇ ಬಣ್ಣ ಹತ್ತಿದ್ದರೆ, ಮುಚ್ಚಿಡಲು ಏನೋ ಇತ್ತು.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಬರುತ್ತದೆ ಅನ್ನುವುದು. ಗೇಜ್ ತುಂಬಾ ದುಬಾರಿ ಸಾಮಾನಲ್ಲ, ಬೈಕ್ ಮೆಕ್ಯಾನಿಕ್ ಹತ್ತಿರವೂ ಇರುತ್ತದೆ. ಎಲ್ಲಾ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ ವೈರ್‌ಗಳಿಗೆ ಬ್ಲಾಕಿನಿಂದ ಅರ್ಥಿಂಗ್ ಕೊಟ್ಟು, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ನಿಲ್ಲುವವರೆಗೆ ಎಳೆಯಿರಿ. ಟೂ ಸ್ಟ್ರೋಕ್‌ಗಳಲ್ಲಿ 100 ಪಿಎಸ್‌ಐ ಆಸುಪಾಸು ಸಾಮಾನ್ಯ, ಮಾಡೆಲ್ ಮೇಲೆ ಹೆಚ್ಚುಕಮ್ಮಿ ಆಗುತ್ತದೆ. ಅಂಕಿಗಿಂತ ಮುಖ್ಯ, ಎಲ್ಲಾ ಸಿಲಿಂಡರ್ ಹತ್ತಿರ ಹತ್ತಿರ ಇರಬೇಕು. ಒಂದಕ್ಕೂ ಇನ್ನೊಂದಕ್ಕೂ 10%ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಒಳಗೆ ಬಿಚ್ಚುವ ಕೆಲಸ ಇದೆ.

ಮೂರನೆಯದು ಗೇರ್ ಆಯಿಲ್. ಪ್ರೊಪೆಲ್ಲರ್ ಪಕ್ಕದ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಬೆರಳಿಗೆ ಬಿಟ್ಟುಕೊಳ್ಳಿ. ಕಪ್ಪಾಗಿದ್ದರೆ ಹಳೇ ಎಣ್ಣೆ, ಪರವಾಗಿಲ್ಲ. ಹಾಲು ಹಾಕಿದ ಕಾಫಿ ಥರ ಇದ್ದರೆ ಸೀಲ್ ಹೋಗಿ ನೀರು ಒಳಗೆ ಬಂದಿದೆ. ಅದು ಉಪ್ಪುನೀರಾಗಿದ್ದರೆ ಬೇರಿಂಗ್, ಗೇರ್ ತುಕ್ಕು ಹಿಡಿದಿರುತ್ತವೆ. ಮೀನುಗಾರಿಕೆ ಜಾಗದ ದೋಣಿಯಾದರೆ ಪ್ರೊಪೆಲ್ಲರ್ ಹಿಂದೆ ಬಲೆಯ ನೈಲಾನ್ ದಾರ ಸುತ್ತಿಕೊಂಡಿದೆಯಾ ನೋಡಿ. ಸೀಲ್ ಕೊಯ್ಯುವುದು ಅದೇ.

ಕೊನೆಗೆ ಡ್ರಮ್ಮಿನಲ್ಲಿ ಹಾಕಿ ಸ್ಟಾರ್ಟ್ ಮಾಡಿ, ಕನಿಷ್ಠ ಹದಿನೈದು ನಿಮಿಷ ಓಡಿಸಿ. ನೀರಿಲ್ಲದೆ ಒಂದು ಕ್ಷಣವೂ ಬೇಡ. ಒಳಗೆ ನೀರು ಎಳೆಯುವ ಚಕ್ರ, ಇಂಪೆಲ್ಲರ್, ರಬ್ಬರಿನದು, ಒಣಗಿ ತಿರುಗಿದರೆ ಸುಟ್ಟುಹೋಗುತ್ತದೆ. ಸೂಚನೆ ತೂತಿನಿಂದ ನೀರು ಜೋರಾಗಿ ಬರುತ್ತಿರಬೇಕು, ಕೈಗೆ ಬೆಚ್ಚಗಿರಬೇಕು, ಬಿಸಿ ಇರಬಾರದು. ಎಂಜಿನ್ ಮೇಲೆತ್ತಿ ಇಳಿಸಿ, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಸ್ಟಿಯರಿಂಗ್ ಟ್ಯೂಬ್ ಉಪ್ಪು ಹಿಡಿದು ಕಚ್ಚಿಕೊಂಡಿರುವುದು ಬಹಳ ಸಾಮಾನ್ಯ.

ಎಂಜಿನ್ ಒಮ್ಮೆ ಸಮುದ್ರದಲ್ಲಿ ಮುಳುಗಿತ್ತಂತೆ. ಆಮೇಲೆ ಸರಿ ಮಾಡಿಸಿದ್ದಾರಂತೆ.

ಬೇಡ.

ಸೀಮೆಎಣ್ಣೆ ಮೋಟಾರ್ ಕಡಿಮೆ ರೇಟಿಗೆ ಸಿಗುತ್ತಿದೆ. ಪೆಟ್ರೋಲ್ ಹಾಕಿ ಓಡಿಸಬಹುದಾ?

ಕರಾವಳಿಯ ನಾಡದೋಣಿಗಳಲ್ಲಿ ಸೀಮೆಎಣ್ಣೆ ಔಟ್‌ಬೋರ್ಡ್ ಜಾಸ್ತಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಆ ಎಂಜಿನ್‌ಗಳ ಕಂಪ್ರೆಷನ್ನೇ ಕಡಿಮೆ ಇಟ್ಟಿರುತ್ತಾರೆ. ಪೆಟ್ರೋಲಿನಲ್ಲಿ ಓಡುತ್ತದೆ, ಆದರೆ ಕುಡಿದಷ್ಟು ದುಡಿಯುವುದಿಲ್ಲ. ಅದೂ ಅಲ್ಲದೆ ಅವು ದಿನಾ ಬೆಳಗ್ಗೆ ಸಮುದ್ರಕ್ಕೆ ಹೋಗಿ ದುಡಿದ ಎಂಜಿನ್‌ಗಳು. ಮೀನುಗಾರ ಇನ್ನು ಸಾಕು ಅಂತ ಇಳಿಸಿಟ್ಟಿದ್ದರೆ ಅದರಲ್ಲಿ ರಸ ಉಳಿದಿರಲ್ಲ. ಎರಡು ಟ್ಯಾಂಕ್‌ಗೆ ಪೈಪ್, ತಿರುಗಿಸುವ ಕಾಕ್ ಕಂಡರೆ ಸೀಮೆಎಣ್ಣೆಯದ್ದು ಅಂತ ತಿಳಿಯಿರಿ.

ವೈರಿಂಗ್, ಟ್ಯಾಂಕ್, ಸ್ಟೀಲ್ ಸಾಮಾನು?

ವೈರಿಂಗ್ ಇದೆ ಅಂತ ಲೆಕ್ಕಕ್ಕೇ ಹಿಡಿಯಬೇಡಿ. ಯಾವುದಾದರೂ ವೈರಿನ ತುದಿ ಒಂದಿಂಚು ಸುಲಿದು ನೋಡಿ. ತಾಮ್ರ ಹೊಳೆಯುತ್ತಿದ್ದರೆ ಪುಣ್ಯ. ಕಪ್ಪೋ ಹಸಿರೋ ಆಗಿದ್ದರೆ ಉಪ್ಪುನೀರು ಒಳಗೊಳಗೇ ದೂರ ಹೋಗಿದೆ. ಪೂರ್ತಿ ಕಿತ್ತು ಹೊಸದು ಎಳೆಯಿರಿ, ತವರ ಲೇಪಿಸಿದ ವೈರ್ ಸಿಕ್ಕರೆ ಒಳ್ಳೆಯದು.

ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ. ಹಳೇ ಪೆಟ್ರೋಲ್ ವಾರ್ನಿಷ್ ಥರ ನಾರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ 20%ವರೆಗೆ ಇರುತ್ತದೆ. ಅದು ನೀರು ಹೀರುತ್ತದೆ, ಹಳೇ ರಬ್ಬರ್ ಪೈಪನ್ನು ಹಾಳು ಮಾಡುತ್ತದೆ. ಪೈಪ್ ಬದಲಿಸಿ. ನೆಲದ ಕೆಳಗೆ ಹುದುಗಿಸಿದ ಅಲ್ಯೂಮಿನಿಯಂ ಟ್ಯಾಂಕ್ ಇದ್ದರೆ ತೆಗೆಸಿ ನೋಡದೆ ನಂಬಬೇಡಿ. ತಳದಲ್ಲಿ ಸಣ್ಣ ತೂತು ಬಿದ್ದಿರಬಹುದು.

ಕಂಬಿ, ಹಿಡಿಗಳಿಗೆ ಒಂದು ಅಯಸ್ಕಾಂತ ಸಾಕು. ಗಟ್ಟಿಯಾಗಿ ಕಚ್ಚಿದರೆ ಅದು ಬಣ್ಣ ಹೊಡೆದ ಕಬ್ಬಿಣ. ಒಳ್ಳೇ ಸ್ಟೇನ್‌ಲೆಸ್ ಮೇಲಿನ ಟೀ ಬಣ್ಣದ ಕಲೆಗೆ ಹೆದರಬೇಡಿ, ಉಜ್ಜಿದರೆ ಹೋಗುತ್ತದೆ.

ಎಂಜಿನ್ ಪಕ್ಕ ಬೆಳ್ಳಗಿನ ಒಂದು ಲೋಹದ ತುಂಡು ಇದೆ, ಅರ್ಧ ತಿಂದುಹೋಗಿದೆ. ಅದನ್ನು ಬದಲಿಸಬೇಕಾ?

ಅದನ್ನು ನೋಡಿ ನಾನು ಖುಷಿ ಪಡುತ್ತೇನೆ. ಆನೋಡ್ ಅದು, ಮೆಕ್ಯಾನಿಕ್‌ಗಳು ಜಿಂಕ್ ಅನ್ನುತ್ತಾರೆ. ಎಂಜಿನ್ ಬದಲು ತಾನು ಸವೆಯಲೆಂದೇ ಇಟ್ಟಿರುವುದು. ಅರ್ಧ ತಿಂದುಹೋಗಿದ್ದರೆ ಅದು ತನ್ನ ಕೆಲಸ ಮಾಡಿದೆ. ಪೂರ್ತಿ ಮಾಯವಾಗಿದ್ದರೆ ಅದಾದ ಮೇಲೆ ಸವೆದಿರುವುದು ಎಂಜಿನ್. ಅದರ ಮೇಲೂ ಪೇಂಟ್ ಹೊಡೆದಿದ್ದರೆ ಮಾಲೀಕರಿಗೆ ಅದೇನೆಂದೇ ಗೊತ್ತಿರಲಿಲ್ಲ. ಆ ಒಂದು ತುಂಡು ನೋಡಿಯೇ ದೋಣಿ ಸಾಕಿದ ರೀತಿ ಅರ್ಧ ತಿಳಿಯುತ್ತದೆ.

ನಮ್ಮ ನೀರಿಗೆ ಜಿಂಕ್ ಸರಿಯಲ್ಲ. ಸಿಹಿನೀರಿನಲ್ಲಿ ಅದರ ಮೇಲೆ ಪದರ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಆನೋಡ್ ಹಾಕಿ.

ಮಂಗಳೂರಲ್ಲಿ ಚೆನ್ನಾಗಿ ಓಡಿದ ದೋಣಿ ಇಲ್ಲಿ ಯಾಕೆ ಎಳೆಯಲ್ಲ?

ಎತ್ತರ. ಹಾರಂಗಿ ಜಲಾಶಯದ ಪೂರ್ಣ ಮಟ್ಟ 2859 ಅಡಿ. ಮೇಲೆ ಹೋದಂತೆ ಗಾಳಿ ತೆಳು, ಎಂಜಿನ್‌ಗೆ ಸಾವಿರ ಅಡಿಗೆ ಸುಮಾರು 3% ಶಕ್ತಿ ಕಡಿಮೆ. 40 ಎಚ್‌ಪಿ ಇಲ್ಲಿ 36–37 ಎಚ್‌ಪಿಯ ಹಾಗೆ ದುಡಿಯುತ್ತದೆ. ಕಾರ್ಬೊರೇಟರ್ ಎಂಜಿನ್‌ಗೆ ಪೆಟ್ರೋಲೂ ಜಾಸ್ತಿಯಾಗಿ ಪ್ಲಗ್ ಕಪ್ಪಾಗುತ್ತದೆ. ಸಾಲದ್ದಕ್ಕೆ ಸಿಹಿನೀರು ಹಗುರ, ದೋಣಿ ಸಮುದ್ರಕ್ಕಿಂತ ಸ್ವಲ್ಪ ಜಾಸ್ತಿ ಮುಳುಗುತ್ತದೆ. ಒಂದಿಂಚು ಕಡಿಮೆ ಪಿಚ್ (ಒಂದು ಸುತ್ತಿಗೆ ಮುಂದೆ ತಳ್ಳುವ ದೂರ) ಇರುವ ಪ್ರೊಪೆಲ್ಲರ್ ಹಾಕಿ, ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಜೆಟ್ ಸೆಟ್ ಮಾಡಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಇದು ದೋಷವಲ್ಲ, ಮಾರಿದವರನ್ನು ಬೈಯಬೇಡಿ.

ಒಂದೂವರೆ ಲಕ್ಷ ಹೇಳುತ್ತಿದ್ದಾರೆ. ಎಷ್ಟಕ್ಕೆ ಕೇಳಲಿ?

ನನ್ನ ಲೆಕ್ಕ ಸುಲಭ. ತಣ್ಣಗೆ ಸ್ಟಾರ್ಟ್ ಆಗದ, ಕಂಪ್ರೆಷನ್ ತೋರಿಸದ ಎಂಜಿನ್‌ಗೆ ಬೆಲೆ ಸೊನ್ನೆ. ಗುಜರಿ ರೇಟು ಕೊಡಿ, ಸಾಕು. ಟ್ರಾನ್ಸಮ್ ಗಟ್ಟಿ ಇದ್ದರೆ ಎಂಜಿನ್ ಬಿಟ್ಟು ಬರೀ ದೋಣಿಯ ಬೆಲೆ ಕಟ್ಟಿ. ಅದರಲ್ಲಿ ಲಾರಿ ಬಾಡಿಗೆ, ಹೊಸ ವೈರಿಂಗ್, ಪೈಪ್, ಇಂಪೆಲ್ಲರ್, ಸ್ಟಿಯರಿಂಗ್ ಕೇಬಲ್, ಪೇಂಟ್ ಕಳೆಯಿರಿ. ಉಳಿದದ್ದು ನಿಮ್ಮ ಆಫರ್. ಬಹಳ ಸಲ ಉಳಿಯುವುದೇ ಇಲ್ಲ.

ಹೋಗುವ ಮೊದಲು ಡೀಲರ್ ಹತ್ತಿರ ನಿಮಗೆ ಬೇಕಾದ ಸೈಜಿನ ಹೊಸ ಎಂಜಿನ್ನಿನ ರೇಟ್ ಕೇಳಿಕೊಂಡಿರಿ. ಆ ಅಂಕಿ ಕೇಳಿದ ಮೇಲೆ ಹಳೇ ದೋಣಿಯ ಮೇಲಿನ ಪ್ರೀತಿ ಎರಡು ಥರ ಆಗುತ್ತದೆ. ಕೆಲವರಿಗೆ ಜಾಸ್ತಿ, ಕೆಲವರಿಗೆ ಪೂರ್ತಿ ಹೋಗುತ್ತದೆ.

ನನ್ನ ಖರ್ಚು ಹೇಳಿಬಿಡುತ್ತೇನೆ. ಕೊಟ್ಟಿದ್ದು 1 ಲಕ್ಷ 10 ಸಾವಿರ. ಎಂಜಿನ್ ಮೇಲೆ ಮತ್ತೆ 40 ಸಾವಿರ ಸುರಿದೆ. ಅಷ್ಟಾದ ಮೇಲೂ ಅದು ಒಂದು ಬೇಸಿಗೆ ಪೂರ್ತಿ ಓಡಲಿಲ್ಲ. ಬಾಡಿ ಮಾತ್ರ ನಿಜಕ್ಕೂ ಗಟ್ಟಿ ಇತ್ತು. 35 ಸಾವಿರಕ್ಕೆ ಬರೀ ಬಾಡಿ ತಂದಿದ್ದರೆ ಜಾಣ ಅನ್ನಿಸಿಕೊಳ್ಳುತ್ತಿದ್ದೆ.

ಮಾರುವವರ ಹತ್ತಿರ ಏನು ಕೇಳಬೇಕು?

"ಪ್ರತಿ ಸಲ ಸಿಹಿನೀರಲ್ಲಿ ತೊಳೀತಿದ್ರಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ಯಾವ ಪೈಪಲ್ಲಿ, ತೋರಿಸಿ" ಅನ್ನಿ. ನಿಜವಾಗಿ ತೊಳೆಯುವವರ ಮನೆಯಲ್ಲಿ ಎಂಜಿನ್‌ನ ನೀರಿನ ತೂತಿಗೆ ಸಿಕ್ಕಿಸುವ ರಬ್ಬರ್ ಕಪ್, ಪೈಪ್ ನಲ್ಲಿಗೇ ಹಾಕಿರುತ್ತದೆ. ಇಲ್ಲದವರು ಮಗನನ್ನು ಕರೆದು ಎಲ್ಲಿಟ್ಟಿದ್ದೀಯಾ ಅನ್ನುತ್ತಾರೆ.

ಕೊನೇ ಸಲ ನೀರಿಗೆ ಇಳಿದಿದ್ದು ಯಾವಾಗ, ಇಂಪೆಲ್ಲರ್ ಬದಲಿಸಿದ್ದು ಯಾವಾಗ, ಯಾವ ಮೆಕ್ಯಾನಿಕ್ ನೋಡುತ್ತಿದ್ದರು. ಆ ಮೆಕ್ಯಾನಿಕ್‌ಗೆ ಒಂದು ಫೋನ್ ಮಾಡಿ. ಅವರಿಗೆ ಸುಳ್ಳು ಹೇಳುವ ದರ್ದು ಇರಲ್ಲ.

ಕಾಗದಪತ್ರ ಬೇಕಾ? ನಮ್ಮ ಕೆರೆಯಲ್ಲಿ ಬಿಡೋದು ತಾನೇ?

ಬೇಕು. ಎಂಜಿನ್ ಬಿಲ್, ರಿಜಿಸ್ಟ್ರೇಷನ್, ಸಾಲ ಇದ್ದಿದ್ದರೆ ತೀರಿದ ಪತ್ರ ನೋಡಿ. ಎಂಜಿನ್ ಬ್ರಾಕೆಟ್ ಮೇಲಿನ ಸೀರಿಯಲ್ ನಂಬರ್ ಬಿಲ್ಲಿಗೆ ತಾಳೆಯಾಗಬೇಕು. ಆ ಪ್ಲೇಟೇ ಕಿತ್ತಿದ್ದರೆ ಕದ್ದ ಮಾಲು ಇರಬಹುದು, ದೂರ ಇರಿ.

ನದಿ, ಜಲಾಶಯದಲ್ಲಿ ಓಡುವ ಯಂತ್ರದ ದೋಣಿಗಳಿಗೆ 1917ರ ಹಳೇ ಕಾನೂನಿನ ಬದಲು ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಸರ್ವೆ, ರಿಜಿಸ್ಟ್ರೇಷನ್ ಎರಡೂ ಅದರಲ್ಲಿ ಬರುತ್ತವೆ. ಹಾರಂಗಿಯಂಥ ಜಲಾಶಯ ಕಾವೇರಿ ನೀರಾವರಿ ನಿಗಮದ್ದು, ಅನುಮತಿ ಇಲ್ಲದೆ ಇಳಿಸುವ ಹಾಗಿಲ್ಲ. ಗೆಸ್ಟ್‌ಗಳನ್ನು ಕೂರಿಸಿ ದುಡ್ಡು ತಗೊಳ್ಳುವ ಯೋಚನೆ ಇದ್ದರೆ ದೋಣಿ ಕೊಳ್ಳುವ ಮೊದಲೇ ಅನುಮತಿ ವಿಚಾರಿಸಿ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಹೋದರು. ಮೀನುಗಾರಿಕೆ ದೋಣಿಯನ್ನೇ ಮಾರ್ಪಡಿಸಿ ಪ್ರವಾಸಿಗರಿಗೆ ಓಡಿಸುತ್ತಿದ್ದರು ಅಂತ ಆಗ ಸುದ್ದಿಯಾಯಿತು. ಸ್ವಂತ ಕೆರೆಯಾದರೂ ಲೈಫ್ ಜಾಕೆಟ್ ಬಿಡಬೇಡಿ. ತೋಟದ ಕೆರೆಗಳ ಆಳ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಘಟ್ಟ ಹತ್ತಿಸುವುದು ಹೇಗೆ?

ಮಂಗಳೂರು ಕಡೆಯಿಂದ ಸಂಪಾಜೆ, ಕಣ್ಣೂರು ಕಡೆಯಿಂದ ಮಾಕುಟ್ಟ. ಬೇಸಿಗೆಯಲ್ಲೇ ತನ್ನಿ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿದ್ದು ಯಾರಿಗೂ ಮರೆತಿಲ್ಲ. ದೋಣಿ ಅಗಲ ಲಾರಿ ಬಾಡಿಯೊಳಗೆ ಕೂರುತ್ತಾ ಮೊದಲೇ ಅಳೆಯಿರಿ. ಎಂಜಿನ್ ಬಿಚ್ಚಿ ಬೇರೆ ತನ್ನಿ. ಟ್ರಾನ್ಸಮ್‌ಗೆ ತೂಗುಹಾಕಿಕೊಂಡು ಅಷ್ಟು ತಿರುವು ಹತ್ತಿಸಿದರೆ ಗಟ್ಟಿ ಹಲಗೆಯೂ ಬಿರುಕು ಬಿಡುತ್ತದೆ. ಕೆಳಗೆ ಹಳೇ ಟೈರ್, ಭತ್ತದ ಹುಲ್ಲು ಹಾಕಿ. ಡ್ರೈನ್ ಪ್ಲಗ್ ತೆಗೆದಿರಲಿ. ತೆಗೆದ ಪ್ಲಗ್ಗನ್ನು ಜೇಬಿಗೆ ಹಾಕಿಕೊಳ್ಳಿ, ಲಾರಿಯಲ್ಲಿ ಬಿಡಬೇಡಿ. ನನ್ನದು ಸುಳ್ಯದಲ್ಲೇ ಎಲ್ಲೋ ಹೋಯಿತು.

ತಂದ ಮೇಲೆ ಉಪ್ಪು ತೆಗೆಯೋದು ಹೇಗೆ? ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿ) ಹಾಕಿದರೆ ಆಗುತ್ತಾ?

ಇದನ್ನು ಒಬ್ಬರು ನಿಜವಾಗಿಯೂ ಕೇಳಿದ್ದಾರೆ. ಕಾಚಂಪುಳಿ ಪಂದಿ ಕರಿಗೆ ಇರಲಿ, ಅದರ ರೇಟಿಗೆ ಹೊಸ ಥರ್ಮೋಸ್ಟಾಟೇ ಬರಬಹುದು. ಆದರೆ ಯೋಚನೆ ತಪ್ಪಲ್ಲ. ನೀರು ಬೆರೆಸಿದ ಸಾದಾ ಬಿಳಿ ವಿನಿಗರ್ ಗಾರೆಯನ್ನು ಸ್ವಲ್ಪ ಸಡಿಲಿಸುತ್ತದೆ. ಸ್ವಲ್ಪ ಹೊತ್ತು ಹಾಯಿಸಿ, ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಹುಳಿ ಒಳಗೇ ಬಿಟ್ಟರೆ ಅದೂ ಅಲ್ಯೂಮಿನಿಯಂ ತಿನ್ನುತ್ತದೆ.

ಡ್ರಮ್ಮಿಗೆ ಬಾವಿ ನೀರು ತುಂಬಿ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ. ಬಿಸಿಯಾದಾಗಲೇ ಥರ್ಮೋಸ್ಟಾಟ್ ತೆರೆದು ನೀರು ಎಲ್ಲಾ ಕಡೆ ಹೋಗುವುದು. ನೀರು ಚೆಲ್ಲಿ, ಮತ್ತೆ ತುಂಬಿ, ಮತ್ತೆ ಓಡಿಸಿ. ನಾಲ್ಕೈದು ದಿನ ಹೀಗೇ ಮಾಡಿ. ಬಾಡಿಯನ್ನು ಮೊದಲ ಮಳೆಗೆ, ಮೂತಿ ಎತ್ತರ ಮಾಡಿ, ಪ್ಲಗ್ ತೆಗೆದು ನಿಲ್ಲಿಸಿ. ಪುಕ್ಕಟೆ ಸ್ನಾನ. ಆಮೇಲೆ ಒಳಗೆ ಎಳೆದುಕೊಳ್ಳಿ.

ನಿಮ್ಮ ಆ ದೋಣಿ ಈಗ ಎಲ್ಲಿದೆ?

ಬಾಡಿ ಸುಂಟಿಕೊಪ್ಪದ ಹತ್ತಿರ ಒಬ್ಬ ಗೆಳೆಯನ ತೋಟದ ಕೆರೆಯಲ್ಲಿದೆ. ಎಂಜಿನ್ ಇಲ್ಲ, ಎರಡು ಹುಟ್ಟು ಹಾಕಿಕೊಂಡಿದ್ದಾನೆ. ಬೇಸಿಗೆಯಲ್ಲಿ ಪಂಪಿನ ಫುಟ್‌ವಾಲ್ವ್ ಸಿಕ್ಕಿಕೊಂಡರೆ ಕೆರೆ ಮಧ್ಯಕ್ಕೆ ಹೋಗಲು ಅದೇ. ಎಂಜಿನ್ ನನ್ನ ಶೆಡ್ಡಿನ ಮೂಲೆಯಲ್ಲಿದೆ. ಗೇರ್ ಬಾಕ್ಸ್, ಕಾರ್ಬೊರೇಟರ್, ಪ್ರೊಪೆಲ್ಲರ್ ಒಂದೊಂದಾಗಿ ಬೇರೆಯವರ ಎಂಜಿನ್‌ಗೆ ಹೋದವು. ಬ್ಲಾಕ್ ಮಾತ್ರ ಉಳಿದಿದೆ, ಆ ಎರಡು ಬೋಲ್ಟ್ ಸಮೇತ. ಯಾರಾದರೂ ಫೋಟೋ ಹಿಡಿದುಕೊಂಡು ಅಂಗಡಿಗೇ ಬಂದರೆ ಮೊದಲು ಅದನ್ನು ತೋರಿಸುತ್ತೇನೆ.